‘ಕು’ ಎಂಬ ಮುದ್ರೆ

ಕಾಮನಕಟ್ಟಿ, ಧಾರವಾಡ
೧೨–೬–೧೯೯೫

ಕು. ಕಾವೇರಿಗೆ ಆಶೀರ್ವಾದಗಳು.

ಮುಂಬೈ ಮುಟ್ಟಿ ಹದಿನೆಂಟು ದಿನವಾಯಿತು, ಒಂದು ಕಾರ್ಡು ಹಾಕಲು ನಿನಗೆ ಪುರುಸೊತ್ತಾಗಿಲ್ಲ. ದಫ್ತರಖಾನೆಯ ಹಳೆಯ ಕಾಗದಗಳ ಧೂಳು ಅಷ್ಟು ರುಚಿ ಹತ್ತಿತೇನು? ನನ್ನ ಅವ್ವ ದಿನಾ ಕೇಳುತ್ತಾಳೆ: "ಆ ಮತ್ತಿಕೊಪ್ಪದ ಹುಡುಗಿ ಮುಟ್ಟಿದಳೇನೋ? ಅಲ್ಲೆ ರೊಟ್ಟಿ ಸಿಗತಾವೋ ಇಲ್ಲೋ?" ಕಳೆದ ಖಂಡೇನವಮಿಗೆ ನೀನು ಹೋಳಿಗೆ ಉಣ್ಣಲು ಬಂದು, ದೇವರ ಜಗಲಿಯ ಮೇಲೆ ಪೂಜೆಗಿಟ್ಟ ಕಬ್ಬಿಣದ ಸುತ್ತಿಗೆ ಮುಟ್ಟಲು ಹೋಗಿ ಅವಳಿಂದ ಕೈಗೆ ಏಟು ತಿಂದದ್ದನ್ನು ನೆನೆಸಿಕೊಂಡು ಈಗಲೂ ನಗುತ್ತಾಳೆ. "ಅದು ದೇವರ ಅಕ್ಷರ, ಓದಬಾರದು" ಎಂದು ಅವಳು ಗದರಿಸಿದರೆ, "ಓದಾಕ ಎಲ್ಲಿ ಬರತೈತ್ರಿ ಅಜ್ಜಿ, ಹಾವು ಸುತ್ತಿಗೊಂಡಂಗ ಐತಿ" ಎಂದು ನೀನು ಅಂದೆ. ಎಂಬತ್ತನಾಲ್ಕರ ಚನ್ನಬಸವ್ವನಿಗೆ ಎದುರು ಮಾತಾಡಿ ದಕ್ಕಿಸಿಕೊಂಡವಳು ನೀನೊಬ್ಬಳೇ.

ಇನ್ನು ನಗು ಸಾಕು. ಮೊನ್ನೆ ನಿನ್ನ ಅಪ್ಪ ಗಂಗಪ್ಪನವರು ನೋಟೀಸು ಹಿಡಿದುಕೊಂಡು ಬಂದಿದ್ದರು. ಮತ್ತಿಕೊಪ್ಪದ ಇಪ್ಪತ್ತೆರಡು ಮನೆಗಳೂ ಹೊಲಗಳೂ ಅರಣ್ಯದ ಜಾಗದಲ್ಲಿವೆಯಂತೆ. ೧೮೮೫ರಲ್ಲಿ ಆ ಊರಿನವರು ಕುಮರಿ ಮಾಡಿ, ಅಂದರೆ ಕಾಡು ಕಡಿದು ಸುಟ್ಟು ಬೂದಿಯಲ್ಲಿ ರಾಗಿ ಬಿತ್ತಿ, ಒಂದೂವರೆ ಸಾವಿರ ಮರ ನಾಶ ಮಾಡಿದ್ದಕ್ಕೇ ಆ ಜಾಗವನ್ನು ಸರಕಾರ ವಶಪಡಿಸಿಕೊಂಡದ್ದು ಎಂದು ಹಳೆಯ ಕಾಗದ ತೋರಿಸುತ್ತಾರೆ. ಆದ್ದರಿಂದ ಈಗ ಇರುವವರೆಲ್ಲ ಅತಿಕ್ರಮಣದವರು, ಜಾಗ ಬಿಡಬೇಕು. ವಿಚಾರಣೆ ಸೆಪ್ಟೆಂಬರ್ ೧೮ಕ್ಕೆ. ಗಂಗಪ್ಪನವರು ನನ್ನ ಮುಂದೆ ಕೂತು ಹೇಳಿದ್ದು ಇಷ್ಟೇ: "ಆ ಮರಾ ಕಡದವರು ನಾವಲ್ರಿ ಸರ. ರೈಲಿನವರು ಕಡಸ್ಯಾರ. ಆದ್ರ ಕಾಗದಾ ಅವರ ಕಡೆ ಐತಿ, ನಮ್ಮ ಕಡೆ ಬರೇ ಬಾಯಿ ಐತಿ."

ಅವರು ತೋರಿಸುವುದು ಕಡಿದ ಮರಗಳ ಪಟ್ಟಿ, ಇಲ್ಲಿರುವುದು ಅದರ ೧೮೯೬ರ ನಕಲು ಪ್ರತಿ. ಮೂಲ ಪಟ್ಟಿ ಮುಂಬೈಗೆ ಹೋಗಿರಬೇಕು. ಹುಡುಕು. ನಿನ್ನ ಪ್ರಬಂಧ ಎರಡು ತಿಂಗಳು ತಡವಾದರೂ ಮಾರ್ಗದರ್ಶಕನಾಗಿ ನನ್ನ ಅಭ್ಯಂತರವಿಲ್ಲ. ತರಗತಿಯಲ್ಲಿ ಹೇಳಿದ್ದು ನೆನಪಿರಲಿ: ಎಲ್ಲ ಕಾಗದಕ್ಕೂ ಒಬ್ಬ ಬರೆದವನಿರುತ್ತಾನೆ, ಎಲ್ಲ ಕೆಲಸಕ್ಕೂ ಒಬ್ಬ ಮಾಡಿದವನಿರುತ್ತಾನೆ. ಹೆಸರು ಸಿಗುವ ತನಕ ಬಿಡಬೇಡ.

ಹಾಗೆಯೇ, ಬರುವ ನವೆಂಬರಿಗೆ ನಮ್ಮ ಪ್ರಸಾದ ನಿಲಯಕ್ಕೆ ನೂರು ವರ್ಷ. ಹತ್ತಿ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಬಡಮಕ್ಕಳ ಅನ್ನ, ಅಕ್ಷರಕ್ಕೆ ಕೊಟ್ಟ ನನ್ನ ಮುತ್ತಜ್ಜ ಮಡಿವಾಳಪ್ಪನವರ ಚರಿತ್ರೆ ಬರೆಯುತ್ತಿದ್ದೇನೆ. ಅಲ್ಲಿ ಮೂರು ವರ್ಷ ಉಂಡವಳು, ನೀನೂ ಒಂದು ಪುಟ ಬರೆದುಕೊಡು.

ನಿನ್ನ ಸರ್,
ರಾಜಶೇಖರ ಕುಸುಗಲ್ಲ


ಮುಂಬೈ
೩–೭–೧೯೯೫

ಪೂಜ್ಯ ಸರ್ ಅವರಿಗೆ ಕಾವೇರಿಯ ನಮಸ್ಕಾರಗಳು.

ಸಿಕ್ಕಿತು! ದಫ್ತರಖಾನೆಯ ಓದುವ ಕೋಣೆಯಲ್ಲಿ ಕೂಗಿಬಿಟ್ಟೆ. ಅಲ್ಲಿಯ ಸಿಬ್ಬಂದಿ ಅಂಬಾಬಾಯಿಯವರು ಓಡಿ ಬಂದು ಹಾವು ಬಂತೇನೋ ಎಂದು ಮೇಜಿನ ಕೆಳಗೆ ನೋಡಿದರು.

ಮೂಲ ಪಟ್ಟಿ ಕನ್ನಡದಲ್ಲೇ ಇದೆ. ೧೮೮೫ರ ಬೇಸಿಗೆಯಲ್ಲಿ ಒಬ್ಬ ಕಾರಕೂನ ಮತ್ತಿಕೊಪ್ಪದ ಗುಡ್ಡದಲ್ಲಿ ತಿರುಗಿ ಕಡಿದ ಮರಗಳ ಬೊಡ್ಡೆಗಳನ್ನು ಎಣಿಸಿದ್ದಾನೆ. ನಾಲ್ಕು ಅಂಕಣ: ಸಂಖ್ಯೆ, ಜಾತಿ, ಸುತ್ತಳತೆ, ಮುದ್ರೆ. ಮುದ್ರೆ ಅಂಕಣದಲ್ಲಿ ೧,೪೩೧ ಸಲ ಒಂದೇ ಅಕ್ಷರ, ‘ಕು.’ ಸರ್, ಈಗ ಧಾರವಾಡದ ನಕಲು ತೆಗೆದು ನೋಡಿ. ಹನ್ನೊಂದು ವರ್ಷದ ಮೇಲೆ ನಕಲು ಮಾಡಿದ ಪುಣ್ಯಾತ್ಮ ‘ಮುದ್ರೆ’ ಎಂಬ ತಲೆಬರಹದ ಜಾಗದಲ್ಲಿ ‘ಕಾರಣ’ ಎಂದು ಬರೆದಿದ್ದಾನೆ. ‘ಕು.’ ಎಂಬುದನ್ನು ಅವನೇ ತುಂಬಿಸಿ ‘ಕುಮರಿ’ ಮಾಡಿದ್ದಾನೆ. ಅವನ ಕೈಯ ಒಂದು ಎಳೆತದಿಂದ ನಮ್ಮ ಊರು ನೂರು ವರ್ಷ ಕಳ್ಳರ ಊರಾಯಿತು.

ಕುಮರಿಯವರು ಎಲ್ಲ ಗಿಡವನ್ನೂ ಕಡಿಯುತ್ತಾರೆ, ಸುಡುತ್ತಾರೆ. ಈ ಪಟ್ಟಿಯಲ್ಲಿರುವುದು ಸಾಗವಾನಿ ಮತ್ತು ಮತ್ತಿ ಮಾತ್ರ, ಅದೂ ಐದಡಿ ಸುತ್ತಳತೆಗಿಂತ ಹೆಚ್ಚಿನವು. ಆರಿಸಿ ಕಡಿದಿದ್ದಾರೆ. ಅದೇ ವರ್ಷ ಧಾರವಾಡದ ಕಡೆಯಿಂದ ಗೋವಾ ಕಡೆಗೆ ಹಳಿ ಹಾಸುತ್ತಿದ್ದರು. ಒಂದು ಮೈಲಿ ಹಳಿಗೆ ಸುಮಾರು ಎರಡು ಸಾವಿರ ಸ್ಲೀಪರ್ ಬೇಕು, ಒಳ್ಳೆಯ ಮರವೊಂದಕ್ಕೆ ನಾಲ್ಕು ಬಂದರೆ ಹೆಚ್ಚು. ಗುತ್ತಿಗೆದಾರರು ತಾವು ಕಡಿಸಿದ ಮರ ತಮ್ಮದೆಂದು ಗುರುತಿಗೆ ಬೊಡ್ಡೆಗೂ ದಿಮ್ಮಿಗೂ ಅಕ್ಷರ ಕೆತ್ತಿದ ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಿದ್ದರಂತೆ. ಅಂದರೆ ‘ಕು’ ಒಬ್ಬ ಗುತ್ತಿಗೆದಾರ.

ಅವನು ಯಾರು ಸರ್? ಧಾರವಾಡದ ಹಳೆಯ ಮನೆತನಗಳೆಲ್ಲ ನಿಮಗೆ ಬಾಯಿಪಾಠ. ‘ಕು’ ಅಂದರೆ ಇಂಥವರ ಮುದ್ರೆ ಎಂದು ತೋರಿಸಿದರೆ ಮಾತ್ರ ‘ಕುಮರಿ’ ಸುಳ್ಳಾಗುತ್ತದೆ, ಇಲ್ಲವಾದರೆ ಅಕ್ಷರಕ್ಕೆ ಏನು ಅರ್ಥವಾದರೂ ಹಚ್ಚಬಹುದು. ನೋಡಿ, ನಿಮ್ಮ ಲಕೋಟೆಯ ಮೇಲೆ ‘ಕು. ಕಾವೇರಿ’ ಎಂದಿತ್ತು. ಆ ಲೆಕ್ಕಕ್ಕೆ ಕಾಡು ಕಡಿಸಿದವಳು ನಾನೇ.

ಪ್ರಸಾದ ನಿಲಯದ ಪುಟ ಬರೆಯುತ್ತೇನೆ. ಊಟದ ಮನೆಯ ಸಾಗವಾನಿ ಕಂಬಕ್ಕೆ ಒರಗಿ ಓದಿದ್ದರಿಂದಲೇ ನಾನು ಇಲ್ಲಿಯ ತನಕ ಬಂದೆ.

ನಿಮ್ಮ ವಿದ್ಯಾರ್ಥಿನಿ,
ಕಾವೇರಿ


ಧಾರವಾಡ
೧೪–೭–೧೯೯೫

ಚಿ. ಕಾವೇರಿಗೆ,

ನಿನ್ನ ಪತ್ರ ತಲುಪಿತು. ಹುಡುಕಾಟಕ್ಕೆ ಮೆಚ್ಚುಗೆ. ಆದರೆ ಉತ್ಸಾಹದಲ್ಲಿ ಸಂಶೋಧಕರು ಎಡವುವುದು ಇಂಥಲ್ಲೇ. ಒಂದು ಅಕ್ಷರದ ಮೇಲೆ ಇಡೀ ವಾದ ನಿಲ್ಲಿಸಬೇಡ. ‘ಕು’ ಕುಂದಗೋಳದ ಯಾವನೋ ಇರಬಹುದು, ಕಾರಕೂನನ ಸ್ವಂತ ಸಂಕೇತವಿರಬಹುದು, ನಕಲು ಮಾಡಿದವನ ಮಾತೇ ನಿಜವಿದ್ದರೂ ಇರಬಹುದು. ಧಾರವಾಡದಲ್ಲಿ ‘ಕು’ದಿಂದ ಶುರುವಾಗುವ ಕಟ್ಟಿಗೆ ವ್ಯಾಪಾರದ ಮನೆತನ ನನಗೆ ತಿಳಿದಿಲ್ಲ.

ಆ ಅಕ್ಷರ ಬಿಟ್ಟು ರೈಲು ಕಂಪನಿಯ ಬೇಡಿಕೆಯ ಅಂಕಿಅಂಶ ನೋಡು. ಪ್ರಬಂಧಕ್ಕೆ ಅದೇ ಗಟ್ಟಿ. ಅವ್ವನಿಗೆ ಆರಾಮಿಲ್ಲ, ಹೆಚ್ಚು ಬರೆಯಲಾರೆ.

ನಿನ್ನ ಸರ್,
ರಾಜಶೇಖರ


ಧಾರವಾಡ
೧೫–೭–೧೯೯೫
(ಬರೆದಿಟ್ಟದ್ದು. ಅಂಚೆಗೆ ಹಾಕಿಲ್ಲ.)

ಕಾವೇರಿ,

ನಿನ್ನೆ ಬರೆದದ್ದು ಸುಳ್ಳು. ಅವ್ವ ಗಟ್ಟಿಮುಟ್ಟಾಗಿದ್ದಾಳೆ.

ನಿನ್ನ ಪತ್ರದಲ್ಲಿ ‘ಅಕ್ಷರ ಕೆತ್ತಿದ ಸುತ್ತಿಗೆ’ ಎಂದು ಓದಿದವನೇ ತಲೆ ಎತ್ತಿದೆ. ಎದುರಿಗೆ ದೇವರ ಜಗಲಿ. ಮಧ್ಯಾಹ್ನ ಅವ್ವ ಮಠಕ್ಕೆ ಹೋದಾಗ ಸುತ್ತಿಗೆ ಇಳಿಸಿದೆ. ಹುಟ್ಟಿದಾಗಿನಿಂದ ಅದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಲೆತಲಾಂತರದ ವಿಭೂತಿ, ಎಣ್ಣೆಜಿಡ್ಡು ಎಲ್ಲ ಹೋಗಿ ಅಕ್ಷರ ಮೇಲೆದ್ದಿತು. ಹಾವು ಸುತ್ತಿಕೊಂಡ ಹಾಗಿದೆ ಎಂದೆಯಲ್ಲ, ಹಾಗೆಯೇ ಇತ್ತು. ಅಡುಗೆಮನೆಯಲ್ಲಿ ಅವ್ವ ನಾದಿಟ್ಟ ಚಪಾತಿ ಕಣಕವಿತ್ತು, ಅದರ ಮೇಲೆ ಒತ್ತಿದೆ. ‘ಕು’ ಎಂದು ಎದ್ದಿತು. ತಿರುವಿ ಕೆತ್ತಿದ್ದರಿಂದ ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರಲಿಲ್ಲ, ದೇವರ ಅಕ್ಷರವೆಂದು ನಂಬಿದೆವು. ಮುತ್ತಜ್ಜ ಹತ್ತಿ ವ್ಯಾಪಾರಿ ಎಂದು ನಂಬಿದಷ್ಟೇ ಸುಲಭವಾಗಿ.

ಅವ್ವ ಬಂದು "ಕಣಕಾ ಯಾಕೋ ಹಿಂಗ ಒತ್ತೇತಿ?" ಎಂದಳು. "ಬೆಕ್ಕು ಬಂದಿತ್ತು" ಎಂದೆ. ಐವತ್ತೈದು ವರ್ಷದ ಪ್ರೊಫೆಸರ್ ಬೆಕ್ಕಿನ ಮೇಲೆ ಹಾಕಿದ ನೋಡು!

ಈ ಅಕ್ಷರ ಓದಿದವರ ಮನೆ ಉಳಿಯುವುದಿಲ್ಲ ಎಂದು ಮನೆಯಲ್ಲಿ ಮಾತಿದೆ. ಆ ಮಾತು ಹುಟ್ಟಿಸಿದವನಿಗೆ ಅದನ್ನು ಓದಲು ಬರುತ್ತಿತ್ತು ಎಂದು ಈಗ ತಿಳಿಯುತ್ತಿದೆ. ನಿನಗೆ ಹೇಳಬೇಕು. ಹೇಳಿದರೆ ಪ್ರಸಾದ ನಿಲಯ ಏನಾಗುತ್ತದೆ, ಅಚ್ಚಿಗೆ ಹೊರಟ ಪುಸ್ತಕ ಏನಾಗುತ್ತದೆ, ಅವ್ವ ಏನಾಗುತ್ತಾಳೆ? ನನಗೆ ಹೆದರಿಕೆಯಾಗಿದೆ ಕಾವೇರಿ. ನಾಳೆ ಹಾಕುತ್ತೇನೆ.


ಮುಂಬೈ
೮–೮–೧೯೯೫

ಪೂಜ್ಯ ಸರ್,

ನನ್ನ ಎರಡು ಕಾರ್ಡುಗಳಿಗೆ ಉತ್ತರವಿಲ್ಲ. ಅಜ್ಜಿಯವರು ಈಗ ಹೇಗಿದ್ದಾರೆ? ಅವರ ಜಡ್ಡಿನ ಸುದ್ದಿ ಕೇಳಿ ಅಪ್ಪ ನೋಡಲು ಬರುವವರಿದ್ದರು, ಅಷ್ಟರಲ್ಲಿ ಊರಲ್ಲೇ ಗದ್ದಲವಾಯಿತು. ವಿಚಾರಣೆ ಆಗುವ ಮೊದಲೇ ಗಡಿಯ ಕಂದಕ ತೋಡಲು ಅರಣ್ಯ ಇಲಾಖೆಯ ಜನ ಬಂದಿದ್ದಾರೆ. ಬಿತ್ತಿದ ಹೊಲದ ನಡುವೆಯೇ ತೋಡಿದ್ದಾರೆ. ಅಡ್ಡ ಬಂದ ನನ್ನ ಅವ್ವ ಮಾಳವ್ವ ಕಂದಕದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ಧಾರವಾಡದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿದ್ದಾರೆ. ಅಪ್ಪ ಫೋನಿನಲ್ಲಿ "ಏನೂ ಆಗಿಲ್ಲವಾ, ನೀ ಓದು" ಎಂದರು. ಹಿಂದಿನಿಂದ ಅವ್ವ ನರಳುವುದು ನನಗೆ ಕೇಳಿಸುತ್ತಿತ್ತು.

ಕಂಪನಿಯ ಅಂಕಿಅಂಶ ನೀವು ಹೇಳಿದಂತೆ ನೋಡಿದೆ. ಗಾಡಿಗಟ್ಟಲೆ ಸಾಗವಾನಿ ತರಿಸಿ, ಸೀಳು ಕಂಡ ತುಂಡನ್ನೆಲ್ಲ ತಿರಸ್ಕರಿಸಿ ಗುಡ್ಡದಲ್ಲೇ ಬಿಟ್ಟಿದ್ದಾರೆ. ತಿರಸ್ಕರಿಸಿದಷ್ಟಕ್ಕೆ ಮತ್ತೆ ಕಡಿದಿದ್ದಾರೆ. ಉಳಿದ ಗಿಡ ಇಟ್ಟಿಗೆ ಭಟ್ಟಿಗೆ, ಇದ್ದಲಿಗೆ. ಗುಡ್ಡ ಬೋಳಾದ ಮೇಲೆ ಬಂದ ಅರಣ್ಯದ ಸಾಹೇಬ ಅಲ್ಲಿ ರಾಗಿ ಬಿತ್ತಿದ ನಾಲ್ಕು ಮಂದಿಯನ್ನು ಕಂಡು, ಕಾಡು ಹಾಳು ಮಾಡಿದವರು ಇವರೇ ಎಂದು ವರದಿ ಬರೆದಿದ್ದಾನೆ. ಬಿಟ್ಟುಹೋದ ತುಂಡು ಎತ್ತಿಕೊಂಡು ಮನೆ ಕಟ್ಟಿದವರ ಮೇಲೆ ಕಳವಿನ ಖಟ್ಲೆ ಬೇರೆ.

ಇಷ್ಟಾದರೂ ‘ಕು’ ಯಾರೆಂದು ಹೇಳುವವರು ಬೇಕು ಸರ್. ನಾನು ಸಂಶೋಧನೆ ಬಿಟ್ಟು ಕೋರ್ಟು ಕಚೇರಿ ಹಿಡಿದೆನೆಂದು ನಿಮಗೆ ಸಿಟ್ಟೇ? ಸಿಟ್ಟಿದ್ದರೆ ಬೈದಾದರೂ ಒಂದು ಪತ್ರ ಬರೆಯಿರಿ. ಇನ್ನು ನಲವತ್ತು ದಿನ.

ಕಾವೇರಿ


ಧಾರವಾಡ
೨೬–೮–೧೯೯೫

ಕಾವೇರಿಗೆ,

ನಿನ್ನ ತಾಯಿಯ ಸುದ್ದಿ ತಿಳಿದು ಬೇಸರವಾಯಿತು. ಕಂದಕ ತೋಡಿದ್ದು ತಪ್ಪು, ನಾನೂ ಒಂದು ಮನವಿ ಬರೆದುಕೊಡುತ್ತೇನೆ. ಬಡವರೆಂದು ದಯೆ ಕೇಳಿದರೆ ಅಧಿಕಾರಿಗಳು ಕಲ್ಲೇನಲ್ಲ.

‘ಕು’ ಹಿಡಿದು ಜಗ್ಗುವುದನ್ನು ಇನ್ನು ಬಿಡು. ಆ ಕಾಲದ ಗುತ್ತಿಗೆದಾರ ಒಬ್ಬ ಸಿಕ್ಕರೂ ಅವನನ್ನು ಏನೆಂದು ತೂಗುತ್ತೀ? ಇವನು ಒಲ್ಲೆನೆಂದಿದ್ದರೆ ಕಂಪನಿ ಇನ್ನೊಬ್ಬನನ್ನು ಹಿಡಿಯುತ್ತಿತ್ತು. ಕಾಡು ಮುಗಿಯುವ ವಸ್ತುವೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಹಾಗೆ ಗಳಿಸಿದವರಲ್ಲಿ ಊರಿಗೆ ಉಪಕಾರ ಮಾಡಿದವರೂ ಇದ್ದಾರೆ. ಮೂರು ವರ್ಷ ನೀನು ಪ್ರಸಾದ ನಿಲಯದಲ್ಲಿ ಉಂಡದ್ದು ಯಾರ ಅನ್ನ ಎಂಬುದನ್ನೂ ಮರೆಯಬೇಡ.

ರಾ.


ಮುಂಬೈ
೧೦–೯–೧೯೯೫

ಸರ್,

ನಾನು ಯಾರು ಎಂದು ಕೇಳಿದ್ದೆ. ನೀವು ಯಾಕೆ ಎಂದು ಉತ್ತರಿಸಿದ್ದೀರಿ.

ಉಂಡಿದ್ದೇನೆ ಸರ್. ದಿನಾ ಎರಡು ಹೊತ್ತು, ಹೊಟ್ಟೆ ತುಂಬ. ಅದನ್ನು ಮರೆತಿಲ್ಲ, ಮರೆಯುವವಳೂ ಅಲ್ಲ. ಆದರೆ ಪ್ರಸಾದ ನಿಲಯಕ್ಕೂ ‘ಕು’ಗೂ ಏನು ಸಂಬಂಧ? ನಾನು ಅದನ್ನು ಕೇಳಿರಲೇ ಇಲ್ಲವಲ್ಲ.

ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ನನಗೆ ಕಾಮಾಲೆಯಾಗಿ ಹನ್ನೆರಡು ದಿನದಿಂದ ಆಸ್ಪತ್ರೆಯಲ್ಲಿದ್ದೇನೆ. ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಹದಿನೆಂಟಕ್ಕೆ ನಾನು ಬರಲಾರೆ. ಮೂಲ ಪಟ್ಟಿಯ, ದಫ್ತರಖಾನೆಯ ಮೊಹರು ಬಿದ್ದ ಪ್ರತಿಯನ್ನು ಹುಬ್ಬಳ್ಳಿ ಬಸ್ಸಿನ ಡ್ರೈವರ್ ಖಾದರಬಾಷಾ ಅವರ ಕೈಯಲ್ಲಿ ಕಳಿಸಿದ್ದೇನೆ, ಅವರು ಅಪ್ಪನಿಗೆ ಮುಟ್ಟಿಸುತ್ತಾರೆ. ಓದಲು ಬಾರದ ಅಪ್ಪ ಅದನ್ನು ಹಿಡಿದು ಒಬ್ಬರೇ ನಿಲ್ಲಬೇಕು.

ಅಪ್ಪ ಇನ್ನೊಂದು ಸಾಕ್ಷಿ ಹುಡುಕಿದ್ದಾರೆ. ನಮ್ಮ ಮನೆ ಬಾಗಿಲ ಮೇಲಿನ ಅಡ್ಡದಿಮ್ಮಿ ಆ ಕಾಲದಲ್ಲಿ ತಿರಸ್ಕರಿಸಿ ಬಿಟ್ಟ ಸ್ಲೀಪರ್. ಅದರ ತುದಿ ಗೋಡೆಯೊಳಗೆ ಹೂತಿದೆ. ಆ ತುದಿಗೆ ಮುದ್ರೆ ಇತ್ತೆಂದು ಅಪ್ಪನ ಮುತ್ಯಾ ಹೇಳುತ್ತಿದ್ದನಂತೆ. ಗೋಡೆ ಒಡೆದು ದಿಮ್ಮಿ ಇಳಿಸಿದ್ದಾರೆ, ಬಾಗಿಲು ಕಳಚಿ ಬಿದ್ದು ಸೀಳಿದೆ. ಮುದ್ರೆ ಇದೆ ಸರ್. ‘ಕು.’ ಆದರೆ ಮುದ್ರೆ ಹೊಡೆದ ಸುತ್ತಿಗೆ ಯಾರ ಮನೆಯಲ್ಲಿತ್ತು ಎಂದು ಹೇಳುವವರಿಲ್ಲದಿದ್ದರೆ ಅದು ಬರೇ ಗೀಚು. ಸುತ್ತಿಗೆ ಕಬ್ಬಿಣದ್ದು, ಅದಕ್ಕೆ ಗೆದ್ದಲು ಹತ್ತುವುದಿಲ್ಲ. ಎಲ್ಲೋ ಇರಬೇಕು.

ಹೆಸರು ಸಿಗುವ ತನಕ ಬಿಡಬೇಡ ಎಂದವರು ನೀವು.

ಕಾವೇರಿ


ಧಾರವಾಡ
೧೯–೯–೧೯೯೫

ಪ್ರಿಯ ಕಾವೇರಿ,

ಮೊದಲು ಸುದ್ದಿ, ಆಮೇಲೆ ನನ್ನ ತಪ್ಪು. ವಿಚಾರಣೆ ನಡೆಸಿದ ಸಾಹೇಬರು ತಡೆಯಾಜ್ಞೆ ಕೊಟ್ಟಿದ್ದಾರೆ. ಮೂಲ ಪಟ್ಟಿಯನ್ನೇ ಆಧಾರವಾಗಿಟ್ಟು ಪುನಃ ತನಿಖೆಯಾಗಬೇಕು, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸಬಾರದು. ಇಪ್ಪತ್ತೆರಡು ಮನೆಗಳೂ ನಿಂತಿವೆ. ನಿಮ್ಮ ಮನೆಗೆ ಮಾತ್ರ ಬಾಗಿಲಿಲ್ಲ.

ಇದರೊಳಗೆ ಜುಲೈ ೧೫ರ ಪತ್ರವೊಂದಿದೆ. ಅದನ್ನು ಓದಿ, ನನ್ನನ್ನು ಮನಸಾರೆ ಬೈದು, ಆಮೇಲೆ ಮುಂದೆ ಓದು. ಅನ್ನದ ಮಾತು ಬರೆದದ್ದಕ್ಕೆ ಕ್ಷಮೆ ಕೇಳಲೂ ನಾಚಿಕೆಯಾಗುತ್ತದೆ.

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ ಅವ್ವನ ಮುಂದೆ ಕೂತೆ.

"ಅವ್ವಾ, ಜಗಲಿ ಮ್ಯಾಲಿಂದು ದೇವರ ಅಕ್ಷರ ಅಲ್ಲ. ನಮ್ಮ ಅಡ್ಡಹೆಸರು. ಮುತ್ತಜ್ಜ ಕಾಡು ಕಡಸಿದ ಗುರುತು."

"ಓದಿದೇನು?"

"ಓದಿದೆ."

"ನಾ ಲಗ್ನಾಗಿ ಬಂದ ದಿನಾನ ಮಾವನವರು ಹೇಳಿದ್ದರು, ಓದಿದವರ ಮನಿ ಉಳಿಯೂದಿಲ್ಲ ಅಂತ. ಎಪ್ಪತ್ತು ವರ್ಷ ನೀರು ಹಾಕೇನಿ, ವಿಭೂತಿ ಹಚ್ಚೇನಿ. ಅದನ್ನ ನೀ ಕಚೇರಿಗೆ ಒಯ್ತೀ?"

"ಒಯ್ತೇನವ್ವಾ. ಆ ಹುಡುಗಿ ಊರು ಹೋಗತೈತಿ."

"ಒಯ್ಯಿ. ಆದ್ರ ಇನ್ನ ಮ್ಯಾಲೆ ನನ್ನ ಕೂಡ ಮಾತಾಡಬ್ಯಾಡ."

ಸುತ್ತಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟೆ. ಕಚೇರಿಯ ಪಡಸಾಲೆಯಲ್ಲಿ ನಿನ್ನ ಅಪ್ಪ ಕಂಬಳಿಯಲ್ಲಿ ಸುತ್ತಿದ ದಿಮ್ಮಿಯ ತುಂಡು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು, "ಸರ, ಅಜ್ಜ್ಯಾರಿಗೆ ಆರಾಮ ಆತೇನ್ರಿ?" ಎಂದರು. ನನ್ನ ಸುಳ್ಳು ಅವರ ಬಾಯಲ್ಲಿ ಬಂದಾಗ ನೆಲ ನೋಡಿದೆ.

ಒಳಗೆ ಎದುರು ಕಡೆಯ ವಕೀಲರು ನಕಲು ಪ್ರತಿ ಓದಿ, ಕುಮರಿ ಕುಮರಿ ಎಂದು ಹತ್ತು ಸಲ ಅಂದರು. ಗಂಗಪ್ಪನವರು ಮೊಹರು ಬಿದ್ದ ಮೂಲದ ಪ್ರತಿ ಕೊಟ್ಟು, ದಿಮ್ಮಿ ಬಿಚ್ಚಿಟ್ಟರು. ವಕೀಲರು ನಕ್ಕು, "ಇದನ್ನ ಇವರೇ ನಿನ್ನೆ ಕೆತ್ತಿರಬಹುದಲ್ಲ ಸಾಹೇಬ್ರ" ಎಂದರು. ಆಗ ಎದ್ದು ನಿಂತೆ. "ಇದು ನಮ್ಮ ಮನೀದ್ರಿ" ಎಂದು ಸುತ್ತಿಗೆ ತೆಗೆದು ದಿಮ್ಮಿಯ ಇನ್ನೊಂದು ತುದಿಗೆ ಒಂದೇ ಏಟು ಹೊಡೆದೆ. ಕಚೇರಿಯವರೆಲ್ಲ ಬೆಚ್ಚಿದರು. ಸಾಹೇಬರು ಕನ್ನಡಕ ಏರಿಸಿ ಎರಡೂ ತುದಿ ತಿರುಗಿಸಿ ನೋಡಿದರು. ಒಂದು ಕಪ್ಪಾದ ‘ಕು’, ಒಂದು ಹಸಿ ‘ಕು’. ಸುತ್ತಿಗೆಯ ಅಕ್ಷರದ ಕೊಂಬಿನ ತುದಿಯಲ್ಲಿ ಸಣ್ಣ ಮುಕ್ಕಿದೆ. ಅದು ಎರಡರಲ್ಲೂ ಇತ್ತು.

"ನಿಮ್ಮ ಹೆಸರೇನ್ರಿ?"

ಹೇಳಿದೆ. ಮುತ್ತಜ್ಜನ ಹೆಸರನ್ನೂ ಹೇಳಿದೆ.

"ಇದರಾಗ ನಿಮಗೇನ ಲಾಭ?"

"ಏನೂ ಇಲ್ರಿ."

ಅವರು ಬರೆದುಕೊಂಡರು. ಆಮೇಲೆ ಗುಮಾಸ್ತ ಸುತ್ತಿಗೆ ಜಮಾ ಮಾಡಿಕೊಂಡು ರಸೀದಿ ಕೊಟ್ಟ. ಏನು ಬರೆದಿದ್ದ ಗೊತ್ತೇ? ‘ಕಬ್ಬಿಣದ ಸುತ್ತಿಗೆ ೧, ಕುಮರಿ ಮುದ್ರೆ ಇರುವುದು.’ ಇಷ್ಟೆಲ್ಲ ಅವನ ಕಣ್ಣೆದುರಿಗೇ ನಡೆದಿತ್ತು! ನಗು ಬಂತು, ಮರುಕ್ಷಣ ಮೈಯೆಲ್ಲ ಉರಿಯಿತು.

"ಹೊಡದಹಾಕ್ರಿ ಅದನ್ನ. ಪೂರಾ ಹೆಸರು ಬರೀರಿ."

"ಜಾಗಾ ಸಾಲೂದಿಲ್ರಿ ಸರ."

"ಜಾಗಾ ಮಾಡ್ರಿ."

ಅವನು ಬರೆಯುವ ತನಕ ಮೇಜು ಬಿಟ್ಟು ಕದಲಲಿಲ್ಲ. ಪ್ರಸಾದ ನಿಲಯದ ಸಮಿತಿಯ ಶಾಂತಯ್ಯನವರು ಸಂಜೆ ಮನೆಗೆ ಬಂದು ಕೂಗಾಡಿ ಹೋದರು. ಪುಸ್ತಕವನ್ನು ಅಚ್ಚಿನಿಂದ ವಾಪಸು ತರಿಸಿದ್ದೇನೆ, ಮೊದಲ ಪುಟದಿಂದ ಬರೆಯಬೇಕು. ಅವ್ವ ಮಾತಾಡಿಲ್ಲ.

ನಿನ್ನ ಸರ್,
ರಾಜಶೇಖರ ಕುಸುಗಲ್ಲ


ಮುಂಬೈ
೨೭–೯–೧೯೯೫

ಪೂಜ್ಯ ಸರ್,

ಮನಸಾರೆ ಬೈದೆ. ಜುಲೈ ಪತ್ರ ಓದಿ ಬೈದೆ, ಸೆಪ್ಟೆಂಬರ್ ಪತ್ರ ಓದಿ ಅತ್ತೆ. ಪಕ್ಕದ ಹಾಸಿಗೆಯವರು ಊರಲ್ಲಿ ಯಾರೋ ತೀರಿಕೊಂಡರೆಂದು ಬಂದು ಸಮಾಧಾನ ಹೇಳಿದರು.

ಈಗ ನಾನೂ ಒಪ್ಪಿಕೊಳ್ಳಬೇಕು. ಆಗಸ್ಟ್ ಎರಡನೆಯ ತಾರೀಕಿಗೇ ಹೆಸರು ನನಗೆ ಸಿಕ್ಕಿತ್ತು. ಕಂಪನಿಯ ಪತ್ರವೊಂದರಲ್ಲಿ ಸ್ಪಷ್ಟವಾಗಿತ್ತು: ಧಾರವಾಡದ ಗುತ್ತಿಗೆದಾರ ಮಡಿವಾಳಪ್ಪ ಕುಸುಗಲ್ಲ. ನಿಮ್ಮ ಮೊದಲ ಪತ್ರದ ಕೆಳಗೆ ಪೂರ್ತಿ ಹೆಸರಿತ್ತು. ನಾನು ‘ಕು’ ಬರೆದ ಮೇಲೆ ನಿಮ್ಮ ಸಹಿಯಿಂದ ಅಡ್ಡಹೆಸರೇ ಬಿದ್ದುಹೋಗಿತ್ತು. ನಿಮಗೂ ತಿಳಿದಿದೆ ಎಂದು ಆವತ್ತೇ ತಿಳಿಯಿತು. ಕೊನೆಗೆ ಬರೇ ‘ರಾ.’ ಉಳಿದಾಗ ಸಿಟ್ಟಿಗಿಂತ ಮರುಕವೇ ಹೆಚ್ಚಾಯಿತು. ಸುತ್ತಿಗೆ ನೆನಪಾದದ್ದು ಆಸ್ಪತ್ರೆಗೆ ಬಂದ ಮೇಲೆ. ಅಜ್ಜಿಯ ಏಟು ತಿಂದ ದಿನ ಕಂಡ ಹಾವನ್ನು ಕಾಗದದ ಮೇಲೆ ಬರೆದು, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಿದೆ.

ಅಪ್ಪನಿಗೆ ಹೇಳಿದ್ದರೆ ಅವರು ಕಚೇರಿಯಲ್ಲಿ ನಿಮ್ಮ ಹೆಸರು ಹೇಳುತ್ತಿದ್ದರು. ಆದರೆ ಕಂಪನಿಯ ಪತ್ರದಲ್ಲಿ ಹೆಸರಿತ್ತು, ಮುದ್ರೆ ಇರಲಿಲ್ಲ; ಎರಡನ್ನೂ ಕೂಡಿಸುವ ಸುತ್ತಿಗೆ ಇದ್ದದ್ದು ನಿಮ್ಮ ದೇವರ ಜಗಲಿಯ ಮೇಲೆ. ಅಲ್ಲಿಂದ ಅದನ್ನು ಇಳಿಸುವ ಸಮನ್ಸು ಯಾವ ಕಚೇರಿಯಲ್ಲೂ ಸಿಗುತ್ತಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ನಿಮ್ಮನ್ನೇ ಕೇಳಿದೆ. ನೀವು ಬರದೇ ಹೋಗಿದ್ದರೆ?

ಅಜ್ಜಿಯವರು ಮಾತಾಡಿದರೇ?

ಕಾವೇರಿ


ಧಾರವಾಡ
೪–೧೦–೧೯೯೫

ಪ್ರಿಯ ಕಾವೇರಿ,

ಕಲಿಸಿದವನಿಗೇ ನೀನು ಪರೀಕ್ಷೆ ಇಟ್ಟೆ. ಎರಡು ತಿಂಗಳು ತಡವಾಗಿ, ಕನಿಷ್ಠ ಅಂಕದಲ್ಲಿ ಪಾಸಾದೆನೆಂದು ತಿಳಿ.

ಖಂಡೇನವಮಿ ಆಯಿತು. ಹದಿನೈದು ದಿನ ಅವ್ವ ನನ್ನ ತಾಟಿಗೆ ಬಡಿಸಿದಳು, ಮಾತಾಡಲಿಲ್ಲ. ಹಬ್ಬದ ದಿನ ಜಗಲಿ ತೊಳೆದು, ಪತ್ರಿ ಹೂವು ತಂದಿಟ್ಟುಕೊಂಡು ಕೂತಳು. ಸುತ್ತಿಗೆ ಇದ್ದ ಜಾಗದಲ್ಲಿ ಕಲ್ಲಿನ ಮೇಲೆ ಒಂದು ಜಿಡ್ಡಿನ ಗುರುತು ಮಾತ್ರ ಉಳಿದಿತ್ತು. ಅದನ್ನೇ ನೋಡುತ್ತ ನನ್ನ ಕಡೆ ತಿರುಗದೆ ಕೇಳಿದಳು.

"ಆ ಹುಡುಗಿ ಊರಾಗ ಮನಿ ಎಷ್ಟದಾವು?"

"ಇಪ್ಪತ್ತೆರಡು."

"ಉಳದಾವೇನು?"

"ಉಳದಾವವ್ವಾ. ನಮ್ಮದೂ ಉಳದೈತಿ."

"ಹಂಗಾದ್ರ ಮಾವನವರು ನನಗ ಸುಳ್ಳು ಹೇಳ್ಯಾರ" ಎಂದಳು. ಆಮೇಲೆ ಆ ಜಿಡ್ಡಿನ ಗುರುತನ್ನು ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕಿದಳು. ನಾನು ತಿಕ್ಕುತ್ತೇನೆಂದರೂ ಬಿಡಲಿಲ್ಲ.

ಊಟಕ್ಕೆ ಕೂತಾಗ ನಿಮ್ಮ ಮನೆಗೆ ಬಾಗಿಲಿಲ್ಲದ್ದನ್ನು ಹೇಳಿದೆ. ಸಾಕ್ಷಿಗೆಂದು ಗೋಡೆ ಒಡೆದದ್ದು, ಕಾಲು ಮುರಿದ ಮಾಳವ್ವ ಗೋಣಿತಟ್ಟು ಕಟ್ಟಿದ ಬಾಗಿಲ ಒಳಗೆ ಮಲಗಿರುವುದು, ಎಲ್ಲ ಹೇಳಿದೆ. ಅವ್ವ ಹೋಳಿಗೆ ಬಡಿಸುವ ಕೈ ನಿಲ್ಲಿಸಿದಳು.

"ಅಟ್ಟದ ಮ್ಯಾಲೆ ಹಳೇ ಸಾಗವಾನಿ ಬಾಗಲಾ ಐತಿ. ನಾಳೆ ಟೆಂಪೋ ಹೇಳು, ನಾನೂ ಬರತೇನಿ."

"ಅವರು ಹಂಗ ತೊಗೊಳ್ಳಾಕ ಒಲ್ಲೆ ಅಂದ್ರ? ಏನಂತ ಕೊಡೂದು?"

"ಕೊಡತೇವಿ ಅನಬ್ಯಾಡ" ಎಂದಳು ಅವ್ವ. "ನಿಮ್ಮದನ್ನ ಹೊಳ್ಳಿ ತಂದೇವಿ ಅನ್ನು."

ಟೆಂಪೋ ಬಂದು ನಿಂತಿದೆ. ಹೊರಟೆವು.

ರಾಜಶೇಖರ ಕುಸುಗಲ್ಲ